ಬಯಲಿನಲ್ಲಿ ಗೆರೆ ಎಳೆದು ಕಟ್ಟಿದ ಪಟ್ಟಣ: ಪೋಲೆಂಡಿನ ಜಮೋಶ್ಚ್

ಯುರೋಪಿನ ಹಳೆಯ ಪಟ್ಟಣಗಳಲ್ಲಿ ಬಹುಪಾಲು ತಾವಾಗಿ ಬೆಳೆದವು. ನದಿ ದಾಟುವ ಕಡವಿನ ಬಳಿಯೋ ಕೋಟೆಯ ಬುಡದಲ್ಲೋ ಒಂದು ಸಂತೆ ಕೂಡಿ, ಅದರ ಸುತ್ತ ಮನೆಗಳೆದ್ದು, ದಾರಿಗಳು ಜನರ ಓಡಾಟಕ್ಕೆ ತಕ್ಕಂತೆ ತಿರುವಿಕೊಂಡು, ಕೊನೆಗೆ ಎಲ್ಲವನ್ನೂ ಒಂದು ಗೋಡೆ ಸುತ್ತುವರಿಯುತ್ತಿತ್ತು. ಪೋಲೆಂಡಿನ ಆಗ್ನೇಯ ಮೂಲೆಯಲ್ಲಿರುವ ಜಮೋಶ್ಚ್ ಈ ಬಗೆಯ ಊರಲ್ಲ. ಅದರ ಚೌಕ, ಬೀದಿ, ಅರಮನೆ, ದೇವಾಲಯ, ವಿದ್ಯಾಪೀಠ, ಕೋಟೆ ಎಲ್ಲವೂ ಮೊದಲು ಕಾಗದದ ಮೇಲೆ ಗೆರೆಗಳಾಗಿ ಮೂಡಿ, ಆಮೇಲೆ ಬಯಲಿನಲ್ಲಿ ಕಲ್ಲು, ಇಟ್ಟಿಗೆ, ಗಾರೆಗಳಾಗಿ ಎದ್ದವು. ಅದನ್ನು ಕಟ್ಟಿಸಿದವನು ರಾಜನಲ್ಲ, ಯಾವ ಗಣರಾಜ್ಯವೂ ಅಲ್ಲ. ತನ್ನ ಸ್ವಂತ ಜಮೀನಿನಲ್ಲಿ, ತನ್ನ ಸ್ವಂತ ಹಣದಿಂದ, ತನ್ನ ಮನೆತನದ ಹೆಸರಿನಲ್ಲಿ ಅದನ್ನು ಕಟ್ಟಿಸಿದವನು ಯಾನ್ ಜಮೋಯ್ಸ್ಕಿ ಎಂಬ ಕುಲೀನ.

ಜಮೋಯ್ಸ್ಕಿ 1542ರಲ್ಲಿ, ಮುಂದೆ ತಾನೇ ಕಟ್ಟಿಸಲಿದ್ದ ಪಟ್ಟಣಕ್ಕೆ ಹತ್ತಿರದ ಸ್ಕೊಕುಫ್ಕ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅವನದು ಗೌರವದ ಮನೆತನವಾಗಿದ್ದರೂ ದೇಶದ ಅಗ್ರಗಣ್ಯ ಸಿರಿವಂತರ ಸಾಲಿಗೆ ಸೇರಿದ್ದಲ್ಲ. ಪ್ಯಾರಿಸಿನಲ್ಲಿ ಕೆಲ ಕಾಲ ಕಲಿತ ಬಳಿಕ ಅವನು ಇಟಲಿಯ ಪಾದುವ ವಿಶ್ವವಿದ್ಯಾಲಯ ಸೇರಿದನು. ಅಲ್ಲಿ ವಿದ್ಯಾರ್ಥಿಗಳೇ ತಮ್ಮೊಳಗಿನಿಂದ ಒಬ್ಬನನ್ನು ಮುಖ್ಯಸ್ಥನನ್ನಾಗಿ ಆರಿಸುವ ಪದ್ಧತಿಯಿತ್ತು. 1563ರಲ್ಲಿ ಕಾನೂನು ವಿದ್ಯಾರ್ಥಿಗಳು ಆ ಸ್ಥಾನಕ್ಕೆ ಜಮೋಯ್ಸ್ಕಿಯನ್ನು ಆರಿಸಿದರು. ಪ್ರಾಚೀನ ರೋಮಿನ ಸೆನೆಟ್ ಸಭೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಅವನು ಬರೆದ ಗ್ರಂಥ ಪ್ರಕಟವಾದುದೂ ಅದೇ ವರ್ಷ. ಮಳೆಬಿಸಿಲಿಗೆ ಮರೆಯಾದ ಕಮಾನು ಸಾಲಿನ ಬೀದಿಗಳು, ಪಂಡಿತರಿಗೆ ವ್ಯಾಪಾರಿಗಳಷ್ಟೇ ಮನ್ನಣೆ ನೀಡುವ ನಗರಜೀವನ, ನಾಗರಿಕನಿಗೆ ರಾಜ್ಯದ ಬಗೆಗಿರಬೇಕಾದ ಹೊಣೆಯನ್ನು ಕುರಿತ ರೋಮನ್ ವಿಚಾರಗಳು, ಇವೆಲ್ಲವೂ ಅಲ್ಲಿ ಅವನ ಮನಸ್ಸಿನಲ್ಲಿ ಒಂದರೊಡನೊಂದು ಬೆಸೆದುಕೊಂಡವೆಂದು ತಿಳಿಯಲು ಅವನ ಪಟ್ಟಣವೇ ಸಾಕ್ಷಿ.

ತಾಯ್ನಾಡಿಗೆ ಮರಳಿದ ಮೇಲೆ ಅವನ ಏಳಿಗೆ ಶೀಘ್ರವಾಗಿ ಆಯಿತು. ಆಗಿನ ಪೋಲೆಂಡ್ ಮತ್ತು ಲಿಥುವೇನಿಯಗಳು ಒಂದೇ ಒಕ್ಕೂಟವಾಗಿದ್ದು, ಅಲ್ಲಿ ರಾಜನನ್ನು ಕುಲೀನವರ್ಗವು ಚುನಾಯಿಸುತ್ತಿತ್ತು. 1576ರಲ್ಲಿ ಸಿಂಹಾಸನವೇರಿದ ಸ್ಟೀಫನ್ ಬಾತೊರಿಯ ಪಕ್ಷವನ್ನು ಜಮೋಯ್ಸ್ಕಿ ಹಿಡಿದಿದ್ದನು. 1578ರಲ್ಲಿ ಅವನು ಚಾನ್ಸಲರ್, ಅಂದರೆ ರಾಜಮುದ್ರೆಯನ್ನು ಕೈಯಲ್ಲಿಟ್ಟುಕೊಂಡು ರಾಜ್ಯದ ಪತ್ರವ್ಯವಹಾರವನ್ನೆಲ್ಲ ನಡೆಸುವ ಮುಖ್ಯಾಧಿಕಾರಿಯಾದನು, 1581ರಲ್ಲಿ ಹೆತ್ಮಾನ್ ಎಂದು ಕರೆಯುವ ಮಹಾದಂಡನಾಯಕನ ಪದವಿಯನ್ನೂ ಪಡೆದನು. 1583ರಲ್ಲಿ ರಾಜನ ಅಣ್ಣನ ಮಗಳು ಗ್ರಿಸೆಲ್ಡಳನ್ನು ಮದುವೆಯಾದನು. ಲೇಖನಿ, ಖಡ್ಗ, ರಾಜಬಂಧುತ್ವ ಈ ಮೂರೂ ಒಬ್ಬನಲ್ಲೇ ಕೂಡಿದ ಮೇಲೆ ಭೂಮಿಯೂ ಕೂಡಿತು, ನೂರಾರು ಹಳ್ಳಿಗಳು ಅವನ ಒಡೆತನಕ್ಕೆ ಬಂದವು. ಆ ಹಳ್ಳಿಗಳ ಜೀತದಾಳುಗಳ ದುಡಿಮೆಯ ಫಲವೇ ಪಟ್ಟಣದ ಅಡಿಪಾಯಕ್ಕೆ ಸುರಿದ ಹಣವೆಂಬುದನ್ನು, ಅದರ ಸೌಂದರ್ಯವನ್ನು ವರ್ಣಿಸುವ ಬರಹಗಳು ಹೇಳದೆ ಹೋಗುವುದು ಸಲ್ಲದು.

ಜಮೋಯ್ಸ್ಕಿ ತನ್ನ ಕನಸನ್ನು ಒಪ್ಪಿಸಿದ್ದು ಬೆರ್ನಾರ್ದೊ ಮೊರಾಂದೊ ಎಂಬ ಇಟಲಿಯ ವಾಸ್ತುಶಿಲ್ಪಿಗೆ. ಪಟ್ಟಣದ ಸ್ಥಾಪನಾ ಸನ್ನದಿನ ತಾರೀಖು 1580ರ ಏಪ್ರಿಲ್ 10. ಅದರ ಮೂಲಕ ಊರಿಗೆ ಮ್ಯಾಗ್ಡೆಬರ್ಗ್ ಕಾನೂನು ದೊರೆಯಿತು. ಜರ್ಮನ್ ನಗರವೊಂದರಲ್ಲಿ ರೂಪುಗೊಂಡು ಮಧ್ಯ ಯುರೋಪಿನಾದ್ಯಂತ ಹಬ್ಬಿದ್ದ ಈ ಕಾನೂನಿನ ಪ್ರಕಾರ ಪಟ್ಟಣವಾಸಿಗಳಿಗೆ ತಮ್ಮದೇ ಪುರಸಭೆ, ತಮ್ಮದೇ ನ್ಯಾಯಸ್ಥಾನ ಇರುತ್ತಿದ್ದವು. ಆರಿಸಿದ ನೆಲವೂ ವಿಚಾರ ಮಾಡಿ ಆರಿಸಿದ್ದೇ. ಪಶ್ಚಿಮ ಹಾಗೂ ಉತ್ತರ ಯುರೋಪನ್ನು ಕಪ್ಪು ಸಮುದ್ರದ ಬಂದರುಗಳೊಡನೆ ಕೂಡಿಸುವ ವ್ಯಾಪಾರಮಾರ್ಗ ಆ ಬಯಲನ್ನು ಹಾದುಹೋಗುತ್ತಿತ್ತು, ಲುಬ್ಲಿನ್‌ನಿಂದ ಲ್ವೀವ್‌ಗೆ ಹೋಗುವ ಸಾರ್ಥವಾಹರು ಹೇಗೂ ಅಲ್ಲಿ ತಂಗಬೇಕಾಗಿತ್ತು. ಜೊತೆಗೆ ಸಣ್ಣ ಹೊಳೆಗಳೂ ಜೌಗು ನೆಲವೂ ಶತ್ರುವಿನ ಸೈನ್ಯ ಸುಲಭವಾಗಿ ಸಮೀಪಿಸದಂತೆ ತಡೆಯುತ್ತಿದ್ದವು.

ಮೊರಾಂದೊನ ನಕ್ಷೆಯ ಹಿಂದೆ ಒಂದು ಶತಮಾನಕ್ಕೂ ಹೆಚ್ಚಿನ ಇಟಾಲಿಯನ್ ಚಿಂತನೆಯಿತ್ತು. ಪುನರುಜ್ಜೀವನ ಕಾಲದ ವಾಸ್ತುಶಾಸ್ತ್ರಜ್ಞರು 'ಆದರ್ಶ ನಗರ' ಎಂಬ ಕಲ್ಪನೆಯನ್ನು ಬೆಳೆಸಿದ್ದರು. ನಗರದ ಅಳತೆಗಳೆಲ್ಲ ಒಂದಕ್ಕೊಂದು ನಿಶ್ಚಿತ ಪ್ರಮಾಣದಲ್ಲಿರಬೇಕು, ಬೀದಿಗಳು ನೇರವಾಗಿರಬೇಕು, ಅಧಿಕಾರ, ಧರ್ಮ, ವಿದ್ಯೆ, ವ್ಯಾಪಾರಗಳಿಗೆ ಅವುಗಳ ಯೋಗ್ಯ ಸ್ಥಾನ ದೊರೆಯಬೇಕು, ಎಲ್ಲವನ್ನೂ ಫಿರಂಗಿಯ ಕಾಲಕ್ಕೆ ತಕ್ಕ ಕೋಟೆ ಕಾಯಬೇಕು ಎಂಬುದು ಅದರ ತಿರುಳು. ಹದಿನೈದನೆಯ ಶತಮಾನದಲ್ಲಿ ಫಿಲರೇತೆ 'ಸ್ಫೋರ್ಜಿಂದ' ಎಂಬ ಕಲ್ಪಿತ ನಗರವನ್ನು ಬಣ್ಣಿಸಿದ್ದನು, ಫ್ರಾಂಚೆಸ್ಕೊ ದಿ ಜಾರ್ಜೊ ನಗರವನ್ನು ಮನುಷ್ಯನ ದೇಹದ ಅಂಗಾಂಗಗಳಿಗೆ ಹೋಲಿಸಿ ಚಿತ್ರಿಸಿದ್ದನು. ಆದರೆ ಇಟಲಿಯಲ್ಲಿ ಹಳೆಯ ನಗರಗಳು ನೆಲವನ್ನೆಲ್ಲ ಆಕ್ರಮಿಸಿಕೊಂಡಿದ್ದರಿಂದ ಇಂಥ ಕಲ್ಪನೆಗಳಲ್ಲಿ ಹೆಚ್ಚಿನವು ಪುಸ್ತಕದಲ್ಲೇ ಉಳಿದವು. ಪೂರ್ವ ಯುರೋಪಿನ ಖಾಲಿ ಬಯಲು ಮತ್ತು ಯಾರ ಅಪ್ಪಣೆಗೂ ಕಾಯಬೇಕಿಲ್ಲದ ಒಬ್ಬ ಒಡೆಯ, ಇವೆರಡೂ ಒದಗಿದ್ದರಿಂದ ಪುಸ್ತಕದ ಮಾತು ಜಮೋಶ್ಚ್‌ನಲ್ಲಿ ಊರಾಯಿತು.

ಗೋಡೆಯೊಳಗಿನ ಪಟ್ಟಣ ಸುಮಾರು 600 ಮೀಟರ್ ಉದ್ದ, 400 ಮೀಟರ್ ಅಗಲದ ಬಹುಭುಜಾಕೃತಿಯಲ್ಲಿದೆ. ಪಶ್ಚಿಮ ಭಾಗ ಒಡೆಯನ ನಿವಾಸಕ್ಕೂ ಪೂರ್ವದ ದೊಡ್ಡ ಭಾಗ ಜನವಸತಿಗೂ ಮೀಸಲಾಯಿತು. ಪಶ್ಚಿಮದ ತುದಿಯ ಅರಮನೆಯಿಂದ ಪೂರ್ವದ ಕೊತ್ತಲದವರೆಗೆ ಗ್ರೊದ್ಸ್ಕ ಬೀದಿ ನೇರವಾಗಿ ಸಾಗುತ್ತದೆ. ಅದನ್ನು ಅಡ್ಡಕ್ಕೆ ಕತ್ತರಿಸುವ ಇನ್ನೊಂದು ಗೆರೆಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಮೂರು ಸಂತೆಚೌಕಗಳು ಬರುತ್ತವೆ. ಉತ್ತರದ್ದು ಉಪ್ಪಿನ ಚೌಕ, ದಕ್ಷಿಣದ್ದು ನೀರಿನ ಚೌಕ, ನಡುವೆ ಎರಡು ಗೆರೆಗಳೂ ಕೂಡುವಲ್ಲಿ ಮಹಾಚೌಕ. ಈ ಮಹಾಚೌಕ ಪ್ರತಿ ಬದಿಗೂ 100 ಮೀಟರ್ ಇರುವ ಸರಿಯಾದ ಚೌಕವಾಗಿದೆ. ಅರಮನೆಗೂ ಮಹಾಚೌಕಕ್ಕೂ ನಡುವೆ, ಬೀದಿಯ ಒಂದು ಕಡೆಗೆ ದೇವಾಲಯ, ಇನ್ನೊಂದು ಕಡೆಗೆ ವಿದ್ಯಾಪೀಠ ನಿಂತಿವೆ. ಅರಮನೆ ಶಿರಸ್ಸು, ಗ್ರೊದ್ಸ್ಕ ಬೀದಿ ಬೆನ್ನುಮೂಳೆ, ದೇವಾಲಯ ಮತ್ತು ವಿದ್ಯಾಪೀಠ ಶ್ವಾಸಕೋಶಗಳು, ಪುರಭವನ ಹೃದಯ, ಕೊತ್ತಲಗಳು ಕೈಕಾಲುಗಳು ಎಂದು ವಾಸ್ತು ಇತಿಹಾಸಕಾರರು ಈ ನಕ್ಷೆಯನ್ನು ಓದುವುದುಂಟು. ಓದಿಗೆ ಸೊಗಸಿದೆ, ಆದರೆ ಅರಮನೆಯನ್ನು ಶಿರಸ್ಸಿನಲ್ಲಿಟ್ಟ ನಕ್ಷೆಯಲ್ಲಿ ಉಳಿದವರಿಗೆಲ್ಲ ಅಂಗಗಳ ಪಾತ್ರವೇ ಉಳಿಯುತ್ತದೆ ಎಂಬುದನ್ನೂ ಅದೇ ಓದು ಬಯಲುಮಾಡುತ್ತದೆ.

ಪುರಭವನದ ಜಾಗವೇ ಇದನ್ನು ಸ್ಪಷ್ಟವಾಗಿ ತೋರುತ್ತದೆ. ಕ್ರಾಕೋವ್, ಪೊಜ್ನಾನ್ ಮೊದಲಾದ ಹಳೆಯ ಪೋಲಿಷ್ ನಗರಗಳಲ್ಲಿ ಪುರಸಭೆಯ ಕಟ್ಟಡವನ್ನು ಚೌಕದ ಮಧ್ಯದಲ್ಲೇ ಕಟ್ಟುವುದು ವಾಡಿಕೆಯಾಗಿತ್ತು. ಮೊರಾಂದೊ ಅದನ್ನು ಉತ್ತರದ ಮನೆಸಾಲಿಗೆ ಸರಿಸಿ, ಚೌಕವನ್ನು ತೆರವಾಗಿ ಬಿಟ್ಟನು. ಇದರಿಂದ ಅರಮನೆಯಿಂದ ಹೊರಟ ದೃಷ್ಟಿಗೆ ಎಲ್ಲೂ ಅಡ್ಡಿಯಾಗಲಿಲ್ಲ. 1591ರಿಂದ 1600ರವರೆಗೆ ಅವನು ಕಟ್ಟಿದ ಪುರಭವನ ಸಾಧಾರಣ ಎತ್ತರದ್ದಾಗಿತ್ತು. ಇಂದು ಕಾಣುವ ಭವ್ಯತೆ ಆಮೇಲೆ ಬಂದದ್ದು. 1639ರಿಂದ 1651ರ ನಡುವೆ ಯಾನ್ ಯಾರೊಶೆವಿಚ್ ಮತ್ತು ಯಾನ್ ವೊಲ್ಫ್ ಅದನ್ನು ಎತ್ತರಿಸಿದರು, 1760ರ ದಶಕದಲ್ಲಿ ಎರಡೂ ಕಡೆಯಿಂದ ಬೀಸಣಿಗೆಯಾಕಾರದಲ್ಲಿ ಇಳಿಯುವ ಮೆಟ್ಟಿಲುಗಳು ಮುಂಭಾಗಕ್ಕೆ ಬಂದವು. ಈಗ ಅದರ ಗೋಪುರ 52 ಮೀಟರ್ ಎತ್ತರದಲ್ಲಿ ಇಡೀ ಊರಿನ ಗುರುತಾಗಿದೆ. ಚೌಕದ ಬದಿಗೆ ಸರಿಸಿದ ಪುರಸಭೆಯೇ ಅರಮನೆಯನ್ನು ಮಂಕಾಗಿಸಿ ಊರಿನ ಮುಖವಾದದ್ದು, ನಕ್ಷೆ ಬರೆದವರ ಎಣಿಕೆಯಲ್ಲಿ ಇದ್ದಿರಲಾರದು.

ಮಹಾಚೌಕದ ಸುತ್ತಲಿನ ಮನೆಗಳನ್ನು ಹೇಗೆ ಕಟ್ಟಬೇಕೆಂಬುದಕ್ಕೂ ಕ್ರಮವಿತ್ತು. ಪ್ರತಿ ಮನೆಯ ನೆಲ ಅಂತಸ್ತಿನ ಮುಂಭಾಗವು ಕಮಾನುಗಳ ಪಡಸಾಲೆಯಾಗಿ ಬೀದಿಗೆ ತೆರೆದಿರಬೇಕು, ಒಂದು ಮನೆಯ ಪಡಸಾಲೆ ಮುಂದಿನ ಮನೆಯ ಪಡಸಾಲೆಗೆ ಕೂಡಿಕೊಳ್ಳಬೇಕು. ಹೀಗೆ ಖಾಸಗಿ ನೆಲದ ಒಂದು ಪಟ್ಟಿ ಸಾರ್ವಜನಿಕ ದಾರಿಯಾಯಿತು. ಹಿಮ ಬೀಳಲಿ, ಮಳೆ ಸುರಿಯಲಿ, ಕೊಳ್ಳುವವರು ನೆನೆಯದೆ ಚೌಕದ ಅಂಚಿನಲ್ಲಿ ಅಂಗಡಿಯಿಂದ ಅಂಗಡಿಗೆ ನಡೆಯಬಹುದಿತ್ತು. ಮೊರಾಂದೊ ದಕ್ಷಿಣದ ಸಾಲಿನಲ್ಲಿ ತನಗಾಗಿಯೇ ಕಟ್ಟಿಕೊಂಡ ಮನೆ ಉಳಿದವರಿಗೆ ಮಾದರಿಯಾಯಿತು. ಅಳತೆಯಲ್ಲಿ ಅಚ್ಚುಕಟ್ಟು, ಅಲಂಕಾರದಲ್ಲಿ ಮಿತ, ಇದು ಅವನ ರೀತಿ. ಅವನು ಊರಿಗೆ ಬಂದು ಹೋಗುವ ಶಿಲ್ಪಿಯಾಗಿ ಉಳಿಯದೆ ಅಲ್ಲಿಯ ಪುರಾಧ್ಯಕ್ಷನೂ ಆಗಿ, 1600ರಲ್ಲಿ ತೀರಿಕೊಂಡನು. ತಾನು ಗೆರೆ ಎಳೆದ ಊರಿನಲ್ಲೇ ಸಂಸಾರ ಹೂಡಿ, ತಾನೇ ಮಾಡಿದ ನಿಯಮಗಳಿಗೆ ಒಳಪಟ್ಟು ಬಾಳಿದ ನಗರಶಿಲ್ಪಿಗಳು ಇತಿಹಾಸದಲ್ಲಿ ವಿರಳ.

ಕಟ್ಟಡ ಎದ್ದರೆ ಊರಾಗುವುದಿಲ್ಲ, ಜನ ಬರಬೇಕು. ವೆನಿಸ್ ಗಣರಾಜ್ಯ 1593ರಲ್ಲಿ ಕಟ್ಟಲಾರಂಭಿಸಿದ ಪಾಲ್ಮನೋವ ಎಂಬ ನಕ್ಷತ್ರಾಕಾರದ ಕೋಟೆನಗರ ಜ್ಯಾಮಿತಿಯಲ್ಲಿ ಜಮೋಶ್ಚ್‌ಗಿಂತ ನಿರ್ದುಷ್ಟವಾಗಿದ್ದರೂ ಅಲ್ಲಿ ನೆಲಸಲು ಜನ ಮುಂದೆ ಬಾರದೆ, ಕೊನೆಗೆ 1622ರಲ್ಲಿ ಸೆರೆಯಾಳುಗಳಿಗೆ ಕ್ಷಮಾದಾನ ಕೊಟ್ಟು ನಿವೇಶನ ಹಂಚಬೇಕಾಯಿತು. ಜಮೋಯ್ಸ್ಕಿ ಹಿಡಿದ ದಾರಿ ಬೇರೆ. ಅವನು 1585ರಲ್ಲಿ ಅರ್ಮೇನಿಯನ್ನರಿಗೆ, 1588ರಲ್ಲಿ ಸೆಫಾರ್ದಿ ಯಹೂದಿಗಳಿಗೆ, 1589ರಲ್ಲಿ ಗ್ರೀಕರಿಗೆ ಪ್ರತ್ಯೇಕ ಸನ್ನದುಗಳನ್ನು ನೀಡಿ, ತಂತಮ್ಮ ಧರ್ಮವನ್ನು ಆಚರಿಸಿಕೊಂಡು ವ್ಯಾಪಾರ ನಡೆಸುವ ಹಕ್ಕನ್ನು ಬರವಣಿಗೆಯಲ್ಲಿ ಕೊಟ್ಟನು. ಸೆಫಾರ್ದಿಗಳೆಂದರೆ ಸ್ಪೇನ್ ಮತ್ತು ಪೋರ್ಚುಗಲ್‌ಗಳಿಂದ ಹೊರದಬ್ಬಲ್ಪಟ್ಟ ಯಹೂದಿಗಳ ಸಂತತಿ. ಇಟಲಿ ಮತ್ತು ತುರ್ಕಿಯ ನಾಡುಗಳಲ್ಲಿ ನೆಲೆ ಕಂಡುಕೊಂಡಿದ್ದ ಅವರಲ್ಲಿ ಕೆಲವರು ಲ್ವೀವ್ ಮಾರ್ಗವಾಗಿ ಈ ಹೊಸ ಊರಿಗೆ ಬಂದರು. ಕೆಲವು ದಶಕಗಳಲ್ಲಿ ಅವರ ಸಂಖ್ಯೆ ಕ್ಷೀಣಿಸಿ, ಅವರ ಜಾಗಕ್ಕೆ ಮಧ್ಯ ಯುರೋಪಿನ ಅಶ್ಕೆನಾಜಿ ಯಹೂದಿಗಳು ಬಂದರು. ಈ ಔದಾರ್ಯದಲ್ಲಿ ಲೆಕ್ಕಾಚಾರವಿತ್ತು, ಏಕೆಂದರೆ ಪೂರ್ವದ ಸರಕು ತರಬಲ್ಲವರು ಇವರೇ. ಆದರೂ ಧರ್ಮದ ಹೆಸರಿನಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ರಕ್ತ ಹರಿಸುತ್ತಿದ್ದ ದಶಕಗಳಲ್ಲಿ ಈ ಸನ್ನದುಗಳು ಹುಟ್ಟಿದವೆಂಬುದು ಅವುಗಳ ಬೆಲೆಯನ್ನು ಹೆಚ್ಚಿಸುತ್ತದೆ. 1610ರ ದಶಕದಲ್ಲಿ ಕಟ್ಟಿದ ಯಹೂದಿ ಪ್ರಾರ್ಥನಾಮಂದಿರ, ಕಮಾನು ಛಾವಣಿ ಮತ್ತು ನವಿರಾದ ಗಾರೆಗೆಲಸದೊಡನೆ, ಉಪ್ಪಿನ ಚೌಕದ ಬಳಿ ಇಂದಿಗೂ ನಿಂತಿದೆ.

ಅರ್ಮೇನಿಯನ್ನರು ಪೂರ್ವದ ರತ್ನಗಂಬಳಿ, ರೇಷ್ಮೆಗಳ ಜೊತೆಗೆ ಸಾಫಿಯಾನ್ ಎಂಬ ಚರ್ಮದ ಕಸುಬನ್ನೂ ತಂದರು. ಮೇಕೆಯ ಚರ್ಮವನ್ನು ನಯವಾಗಿ ಹದಮಾಡಿ ಗಾಢ ಬಣ್ಣ ಕೊಡುವ ಈ ಕೆಲಸಕ್ಕೆ ಕುಲೀನರ ಮನೆಗಳಲ್ಲಿ ದೊಡ್ಡ ಬೇಡಿಕೆಯಿತ್ತು. ಹಣ ಕೂಡಿದ ಮೇಲೆ, ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ, ಪುರಭವನದ ಪೂರ್ವಕ್ಕೆ ಅವರು ಎಬ್ಬಿಸಿದ ಮನೆಗಳ ಸಾಲು ಇಂದು ಚೌಕದ ಮಕುಟವಾಗಿದೆ. ಹಸಿರು, ಹಳದಿ, ಕೆಂಪು, ನೀಲಿ ಬಣ್ಣದ ಈ ಮನೆಗಳ ಮುಂದೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಅವುಗಳ ನೆತ್ತಿಯ ಅತ್ತಿಕ. ಅತ್ತಿಕವೆಂದರೆ ಛಾವಣಿಯನ್ನು ಮರೆಮಾಡುವಂತೆ ಮುಂಗೋಡೆಯ ಮೇಲೆ ಎತ್ತರಕ್ಕೆ ಕಟ್ಟುವ ಅಲಂಕಾರದ ಗೋಡೆ. ಬೆಂಕಿ ಬಿದ್ದಾಗ ಒಂದು ಛಾವಣಿಯಿಂದ ಇನ್ನೊಂದಕ್ಕೆ ಜ್ವಾಲೆ ಹಾರದಂತೆ ತಡೆಯುವ ಉಪಯೋಗವೂ ಅದಕ್ಕಿತ್ತು. 1630ರ ದಶಕದಲ್ಲಿ ಗಬ್ರಿಯೆಲ್ ಬಾರ್ತೊಶೆವಿಚ್ ಎಂಬ ಅರ್ಮೇನಿಯನ್ ವರ್ತಕ ಕಟ್ಟಿಸಿದ 'ದೇವದೂತನ ಮನೆ'ಯ ಮುಂಗೋಡೆಯಲ್ಲಿ ಒಡೆಯನ ಹೆಸರಿನವನೇ ಆದ ದೇವದೂತ ಗೇಬ್ರಿಯಲ್‌ನ ಉಬ್ಬುಶಿಲ್ಪವಿದೆ. ಕಿಟಕಿಗಳ ಚೌಕಟ್ಟಿನ ಸುತ್ತ, ಅಂತಸ್ತುಗಳ ನಡುವಿನ ಪಟ್ಟಿಗಳಲ್ಲಿ ಗಾರೆಯ ಎಲೆಬಳ್ಳಿಗಳು ಜಾಗ ಬಿಡದೆ ತುಂಬಿಕೊಂಡಿವೆ. ಮೊರಾಂದೊನ ಮಿತಾಲಂಕಾರದ ಶಿಸ್ತಿಗೆ ಇದು ಒಗ್ಗುವಂಥದ್ದಲ್ಲ. ಆದರೂ ಅವನ ಕಮಾನು ಪಡಸಾಲೆ ಕೆಳಗೆ ಅಳತೆ ತಪ್ಪದೆ ಸಾಗುವುದರಿಂದ, ಮೇಲಿನ ಸ್ವಾತಂತ್ರ್ಯ ಗದ್ದಲವಾಗದೆ ಶೋಭೆಯಾಗಿದೆ. ಜಮೋಶ್ಚ್‌ನ ನಿಜವಾದ ವಾಸ್ತುಸಾಧನೆ ಇಲ್ಲಿದೆ: ಅದರ ನಕ್ಷೆ ಕಟ್ಟುನಿಟ್ಟಾಗಿದ್ದೂ, ನಕ್ಷೆ ಬರೆದವನು ಊಹಿಸದ ಅಭಿರುಚಿಗೆ ಎಡೆ ಕೊಡುವಷ್ಟು ಉದಾರವಾಗಿತ್ತು.

ಪಟ್ಟಣದ ಸುತ್ತ ಏಳು ಕೊತ್ತಲಗಳ ಕೋಟೆಯೆದ್ದಿತು. ಫಿರಂಗಿ ಬಳಕೆಗೆ ಬಂದ ಮೇಲೆ ಎತ್ತರದ ತೆಳು ಗೋಡೆಗಳು ನಿರುಪಯುಕ್ತವಾಗಿ, ಮಣ್ಣು ತುಂಬಿದ ದಪ್ಪ ಗೋಡೆಗಳೂ ಮೂಲೆಗಳಲ್ಲಿ ಚೂಪಾಗಿ ಮುಂಚಾಚಿದ ಕೊತ್ತಲಗಳೂ ಬಂದಿದ್ದವು; ಒಂದು ಕೊತ್ತಲದ ಫಿರಂಗಿ ಪಕ್ಕದ ಕೊತ್ತಲದ ಬುಡವನ್ನು ಕಾಯುವಂತಿದ್ದುದೇ ಇದರ ಹೆಚ್ಚುಗಾರಿಕೆ. 1588ರ ಜನವರಿಯಲ್ಲಿ ಬಿಚಿನ ಎಂಬಲ್ಲಿ ಪೋಲೆಂಡಿನ ಸಿಂಹಾಸನಕ್ಕಾಗಿ ಹೋರಾಡಿ ಜಮೋಯ್ಸ್ಕಿಗೆ ಸೆರೆಸಿಕ್ಕ ಆಸ್ಟ್ರಿಯದ ರಾಜಪುತ್ರ ಮ್ಯಾಕ್ಸಿಮಿಲಿಯನ್‌ನನ್ನು ಲುಬ್ಲಿನ್ ಹೆಬ್ಬಾಗಿಲಿನಿಂದ ಊರೊಳಗೆ ಕರೆತಂದು, ಆ ಗೆಲುವಿನ ನೆನಪಿಗಾಗಿ ಬಾಗಿಲನ್ನೇ ಗೋಡೆಯಿಟ್ಟು ಮುಚ್ಚಿಸಲಾಯಿತೆಂದು ಊರಿನ ಪರಂಪರೆ ಹೇಳುತ್ತದೆ. ಮುಂದೆ 1648ರಲ್ಲಿ ಬೊಹ್ದಾನ್ ಖ್ಮೆಲ್ನಿತ್ಸ್ಕಿಯ ಕೊಸಾಕರು ತಾತಾರರೊಡನೆ ಬಂದು ಮುತ್ತಿಗೆ ಹಾಕಿದರೂ ಕೋಟೆ ಬೀಳಲಿಲ್ಲ. 1656ರಲ್ಲಿ ಸ್ವೀಡನ್ನಿನ ಹತ್ತನೆಯ ಚಾರ್ಲ್ಸ್ ಪೋಲೆಂಡಿನ ಬಹುಭಾಗವನ್ನು ಗೆದ್ದುಕೊಂಡಿದ್ದಾಗಲೂ ಅವನಿಗೆ ಬಾಗಿಲು ತೆರೆಯದ ಕೆಲವೇ ಕೋಟೆಗಳಲ್ಲಿ ಇದೊಂದಾಗಿತ್ತು.

ಕೋಟೆಯೊಳಗೆ ಜಮೋಯ್ಸ್ಕಿ ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟದ್ದು ವಿದ್ಯಾಪೀಠದ ಮೇಲೆ. ಪೋಪ್ ಎಂಟನೆಯ ಕ್ಲೆಮೆಂಟ್ 1594ರಲ್ಲಿ ಮಂಜೂರಾತಿ ನೀಡಿದ ಮೇಲೆ, 1595ರಲ್ಲಿ ಪಾಠಗಳು ಆರಂಭವಾದವು. ಕ್ರಾಕೋವ್ ಮತ್ತು ವಿಲ್ನಿಯಸ್‌ಗಳ ತರುವಾಯ ಆ ಒಕ್ಕೂಟದ ಉನ್ನತ ವಿದ್ಯಾಲಯವೆಂದರೆ ಇದೇ, ಅದೂ ಖಾಸಗಿ ವ್ಯಕ್ತಿಯೊಬ್ಬ ಸ್ಥಾಪಿಸಿದ್ದು. ಕವಿ ಶಿಮೊನ್ ಶಿಮೊನೊವಿತ್ಸ್ ಅದನ್ನು ರೂಪಿಸುವುದರಲ್ಲಿ ನೆರವಾದನು. ರಾಜ್ಯಭಾರದ ಹೊಣೆ ಹೊರಬಲ್ಲ ಯುವಕರನ್ನು ತಯಾರು ಮಾಡುವುದು ಅದರ ಉದ್ದೇಶವಾಗಿತ್ತು. ಅದಕ್ಕಾಗಿ ಅಲ್ಲಿ ಮುದ್ರಣಾಲಯವೂ ನಡೆಯುತ್ತಿತ್ತು. 1589ರಲ್ಲಿ ಅವನು ತನ್ನ ಆಸ್ತಿಯನ್ನು 'ಒರ್ದಿನಾತ್ಸ್ಯ' ಎಂಬ ಏರ್ಪಾಡಿಗೆ ಒಳಪಡಿಸಿದ್ದನು: ಜಮೀನು ಮಕ್ಕಳಲ್ಲಿ ಹಂಚಿಹೋಗದೆ ತಲೆಮಾರಿಗೊಬ್ಬನಿಗೆ ಇಡಿಯಾಗಿ ಸಲ್ಲಬೇಕು. ಇದರಿಂದ ಎಸ್ಟೇಟು 1944ರವರೆಗೆ ಬಾಳಿತು. ವಿದ್ಯಾಪೀಠಕ್ಕೆ ಅಷ್ಟು ಆಯುಸ್ಸು ಇರಲಿಲ್ಲ. 1772ರಲ್ಲಿ ನೆರೆಯ ಮೂರು ರಾಜ್ಯಗಳು ಪೋಲೆಂಡನ್ನು ಮೊದಲ ಸಲ ಹರಿದು ಹಂಚಿಕೊಂಡಾಗ ಜಮೋಶ್ಚ್ ಆಸ್ಟ್ರಿಯದ ಪಾಲಾಯಿತು, 1784ರಲ್ಲಿ ಹೊಸ ಆಡಳಿತ ವಿದ್ಯಾಪೀಠವನ್ನು ಮುಚ್ಚಿತು.

ಊರನ್ನು ಎರಡು ಶತಮಾನ ಕಾಪಾಡಿದ ಕೋಟೆಯೇ ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಮುಳುವಾಯಿತು. 1809ರಲ್ಲಿ ಪೋಲಿಷ್ ಸೇನೆ ಅದನ್ನು ಆಸ್ಟ್ರಿಯದಿಂದ ಕಸಿದುಕೊಂಡಿತು, 1813ರಲ್ಲಿ ದೀರ್ಘ ಮುತ್ತಿಗೆಯ ಬಳಿಕ ರಷ್ಯನ್ನರಿಗೆ ಒಪ್ಪಿಸಿತು. 1815ರ ನಂತರ ತ್ಸಾರನ ಅಧೀನದ ಪೋಲೆಂಡ್ ಸರ್ಕಾರ ಈ ಗಡಿಕೋಟೆಯನ್ನು ಬಲಪಡಿಸಲು ನಿಶ್ಚಯಿಸಿ, 1821ರಲ್ಲಿ ಜಮೋಯ್ಸ್ಕಿ ಮನೆತನದಿಂದ ಪಟ್ಟಣವನ್ನೇ ವಹಿಸಿಕೊಂಡಿತು. ಸೈನ್ಯದ ಇಂಜಿನಿಯರುಗಳಿಗೆ ಅಲಂಕಾರ ಬೇಕಿರಲಿಲ್ಲ. ಅತ್ತಿಕಗಳು ಉರುಳಿದವು, ಮುಂಗೋಡೆಗಳ ಗಾರೆಶಿಲ್ಪವನ್ನು ಕೆತ್ತಿ ಬೋಳಿಸಲಾಯಿತು, ಅರಮನೆ ಸೈನಿಕರ ಆಸ್ಪತ್ರೆಯಾಯಿತು, ವಿದ್ಯಾಪೀಠ ಅವರ ಬಿಡಾರವಾಯಿತು, ಅರ್ಮೇನಿಯನ್ ದೇವಾಲಯ ನೆಲಸಮವಾಯಿತು. ಕೋಟೆಯ ಹೊರಗೆ ಫಿರಂಗಿಗೆ ಬಯಲು ಬೇಕೆಂದು ಹೊರಪೇಟೆಗಳನ್ನು ಕೆಡವಿ, ಅಲ್ಲಿಯ ಜನರನ್ನು ದೂರದಲ್ಲಿ 'ನೊವ ಒಸಾದ', ಎಂದರೆ ಹೊಸ ನೆಲೆ, ಎಂಬಲ್ಲಿಗೆ ಸಾಗಿಸಲಾಯಿತು. 1831ರಲ್ಲಿ ರಷ್ಯದ ವಿರುದ್ಧದ ದಂಗೆ ಅಡಗಿದಾಗ ಕೊನೆಗೆ ಶರಣಾದ ಕೋಟೆ ಜಮೋಶ್ಚ್. ಅಷ್ಟೆಲ್ಲ ಬಲಿ ಪಡೆದ ಕೋಟೆಯನ್ನು 1866ರಲ್ಲಿ ರಷ್ಯನ್ ಸರ್ಕಾರವೇ ನಿರುಪಯೋಗಿಯೆಂದು ರದ್ದುಮಾಡಿ, ಗೋಡೆಗಳನ್ನು ಒಡೆಸಿತು. ಇಷ್ಟಾದರೂ ಚೌಕಗಳ ಅಳತೆ, ಬೀದಿಗಳ ಗೆರೆ, ಕಮಾನುಗಳ ಸಾಲು ಅಲುಗಲಿಲ್ಲ. ಯಿದ್ದಿಷ್ ಸಾಹಿತ್ಯದ ಮಹಾಲೇಖಕ ಐ. ಎಲ್. ಪೆರೆತ್ಸ್ 1852ರಲ್ಲಿ, ಸಮಾಜವಾದಿ ಚಿಂತಕಿ ರೋಸಾ ಲಕ್ಸಂಬರ್ಗ್ 1871ರಲ್ಲಿ ಹುಟ್ಟಿದ್ದು ಈ ಬೋಳಿಸಿದ ಊರಿನಲ್ಲೇ.

ಎರಡನೆಯ ಮಹಾಯುದ್ಧದಲ್ಲಿ ನಾತ್ಸಿಗಳ ಕೈಯಲ್ಲೂ ಒಂದು ನಕ್ಷೆಯಿತ್ತು. ಜಮೋಯ್ಸ್ಕಿಯ ನಕ್ಷೆ ಪರದೇಶಿಗಳನ್ನು ಒಳಕ್ಕೆ ಕರೆದಿದ್ದರೆ, ಇದು ನೆಲಸಿದವರನ್ನು ನಿರ್ಮೂಲ ಮಾಡಿ ಜರ್ಮನ್ನರನ್ನು ತಂದಿಳಿಸುವ ನಕ್ಷೆ. ಯುದ್ಧಕ್ಕೆ ಮೊದಲು ಊರಿನಲ್ಲಿದ್ದ ಸುಮಾರು 12,000 ಯಹೂದಿಗಳು ಜನಸಂಖ್ಯೆಯ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚಾಗಿದ್ದರು. ಅವರನ್ನು ನೊವ ಒಸಾದದಲ್ಲಿ ಕೂಡಿಹಾಕಿ, 1942ರ ಏಪ್ರಿಲ್‌ನಿಂದ ಬೆಲ್ಜೆತ್ಸ್ ಎಂಬ ಮರಣಶಿಬಿರಕ್ಕೆ ರೈಲುಗಳಲ್ಲಿ ಸಾಗಿಸಲಾಯಿತು. ಅದೇ ವರ್ಷದ ನವೆಂಬರ್‌ನಿಂದ 1943ರ ಬೇಸಗೆಯವರೆಗೆ ಸುತ್ತಲಿನ ಸುಮಾರು 300 ಹಳ್ಳಿಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಪೋಲಿಷ್ ರೈತರನ್ನು ಒಕ್ಕಲೆಬ್ಬಿಸಿದರು. ಅವರಲ್ಲಿ ಸುಮಾರು 30,000 ಮಕ್ಕಳಿದ್ದರು. ಹಳೆಯ ಕೋಟೆಯ ಭಾಗವಾದ ರೊತುಂದ ಎಂಬ ದುಂಡು ಕಟ್ಟಡದಲ್ಲಿ ಗೆಸ್ಟಪೊ ಸಾವಿರಾರು ಜನರನ್ನು ಕೊಂದಿತು. ಊರಿಗೆ ನಾತ್ಸಿ ಮುಖಂಡ ಹಿಮ್ಲರ್‌ನ ಹೆಸರಿಡುವ ಆಲೋಚನೆಯೂ ನಡೆದಿತ್ತು. ಕಟ್ಟಡಗಳು ಬಹುಮಟ್ಟಿಗೆ ಉಳಿದವು, ಅವುಗಳನ್ನು ಕಟ್ಟಿ ಬಳಸಿ ಬೆಳಗಿಸಿದ ಒಂದು ಜನಾಂಗ ಉಳಿಯಲಿಲ್ಲ. ಉಳಿದ ಊರನ್ನು ಹೊಗಳುವಾಗ ಈ ನಷ್ಟವನ್ನು ಅದರ ಪಕ್ಕದಲ್ಲೇ ಇಟ್ಟು ನೋಡಬೇಕು.

ಯುದ್ಧಾನಂತರದ ಜೀರ್ಣೋದ್ಧಾರ 1970ರ ದಶಕದಲ್ಲಿ, ಪಟ್ಟಣದ ನಾಲ್ಕುನೂರನೆಯ ವರ್ಷ ಹತ್ತಿರವಾದಂತೆ, ಚುರುಕುಗೊಂಡಿತು. ಅರ್ಮೇನಿಯನ್ ಮನೆಗಳಿಗೆ ಅತ್ತಿಕಗಳನ್ನು ಮತ್ತೆ ಕಟ್ಟಲಾಯಿತು. ಈಗ ಆ ಮನೆಗಳಲ್ಲಿ ಊರಿನ ವಸ್ತುಸಂಗ್ರಹಾಲಯವಿದೆ. 1992ರಲ್ಲಿ ಯುನೆಸ್ಕೊ ಹಳೆಯ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾತ್ಸಿಗಳು ಬಡಗಿಶಾಲೆಯಾಗಿಸಿದ್ದ, ಬಳಿಕ ಗ್ರಂಥಾಲಯವಾಗಿದ್ದ ಯಹೂದಿ ಪ್ರಾರ್ಥನಾಮಂದಿರ ದುರಸ್ತಿಗೊಂಡು 2011ರಲ್ಲಿ ತೆರೆಯಿತು. ಅರಮನೆಗೆ ಮಾತ್ರ ಅದರ ಮೊದಲ ರೂಪ ಮರಳಿಲ್ಲ, ಮಹಾಚೌಕದ ಉಳಿದ ಮನೆಗಳಲ್ಲಿ ಹೆಚ್ಚಿನವೂ ಅತ್ತಿಕವಿಲ್ಲದೆಯೇ ಇವೆ. ಅವಕ್ಕೂ ಊಹೆಯ ಮೇಲೆ ಅಲಂಕಾರ ತೊಡಿಸದೆ ಬಿಟ್ಟದ್ದು ಸರಿಯಾದ ನಿರ್ಧಾರವೇ, ಏಕೆಂದರೆ ಹದಿನೇಳನೆಯ ಶತಮಾನದ ವರ್ತಕರು ತಮ್ಮ ಮನೆಗಳಿಗೆ ಏನು ಕೊಟ್ಟರು, ಹತ್ತೊಂಬತ್ತನೆಯ ಶತಮಾನದ ಸೈನ್ಯ ಅದರಲ್ಲಿ ಏನನ್ನು ಕಿತ್ತುಕೊಂಡಿತು ಎಂಬೆರಡನ್ನೂ ಒಂದೇ ಚೌಕದ ಎದುರುಬದುರು ಸಾಲುಗಳಲ್ಲಿ ಓದಲು ಇದರಿಂದ ಸಾಧ್ಯವಾಗಿದೆ.